ಪದೇ ಪದೇ ಉಳುಕುವ ಪಾದಕ್ಕೆ ಮೊದಲು ಬಿಗಿತ ಬಿಡಿಸಿ

ಒಮ್ಮೆ ಜೋರಾಗಿ ಉಳುಕಿದ ಪಾದ ವರ್ಷ ಕಳೆದರೂ ಆಗಾಗ ಒಳಕ್ಕೆ ಹೊರಳುತ್ತಿದ್ದರೆ ಬಹಳ ಜನ ಪಟ್ಟಿ ಕಟ್ಟಿಕೊಂಡು ಸುಮ್ಮನಾಗುತ್ತಾರೆ. ಪಾದವೂ ಕಾಲೂ ಸೇರುವ ಕೀಲು ಸಡಿಲವಾಗಿದೆ, ಬಿಗಿದರೆ ಸರಿಹೋಗುತ್ತದೆ ಅನ್ನುವ ಲೆಕ್ಕ. ಅದು ಅರ್ಧ ನಿಜ. ಹೊರಮಗ್ಗುಲಿನ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ಅಂಗಾಂಶ) ಸಡಿಲವಾಗಿರಬಹುದು, ಆದರೆ ಅದೇ ಕೀಲು ಎಷ್ಟೋ ಸಲ ಮುಂದಕ್ಕೆ ಬಾಗಲು ಒಪ್ಪುವುದಿಲ್ಲ.

ಹಿಮ್ಮಡಿ ನೆಲದಲ್ಲಿಟ್ಟು ಮೊಣಕಾಲನ್ನು ಮುಂದೆ ತಂದಾಗ, ಹಿಮ್ಮಡಿ ಮೂಳೆಯ ಮೇಲೆ ಕೂತಿರುವ ಟೇಲಸ್ ಮೂಳೆ ಸ್ವಲ್ಪ ಹಿಂದಕ್ಕೆ ಜಾರಬೇಕು. ಉಳುಕಿದ ಕೀಲಿನಲ್ಲಿ ಎಷ್ಟೋ ಸಲ ಈ ಜಾರಾಟ ಕಡಿಮೆಯಾಗಿರುತ್ತದೆ. ಪಾದ ಮೇಲಕ್ಕೆ ಬಾಗಿದಾಗಲೇ ಕೀಲಿಗೆ ಗಟ್ಟಿ ಹಿಡಿತ. ಅಲ್ಲಿಗೆ ತಲುಪದ ಪಾದ ಹೊರಳುವುದು ಸುಲಭ.

ಮೊದಲು ಅಳೆಯಿರಿ. ಗೋಡೆಗೆ ಮುಖ ಮಾಡಿ ಪಾದ ನೇರವಾಗಿಡಿ. ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಪಾದವನ್ನು ಇನ್ನಷ್ಟು ಹಿಂದೆ ಸರಿಸಿ. ಕೊನೆಗೆ ಮುಟ್ಟಿದ ಜಾಗದಲ್ಲಿ ಹೆಬ್ಬೆರಳಿನಿಂದ ಗೋಡೆವರೆಗಿನ ದೂರ ಬರೆದಿಡಿ. ಇನ್ನೊಂದು ಕಾಲನ್ನೂ ಅಳೆಯಿರಿ. ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಿಗಿತ ಇದೆ ಎಂದೇ ಹಿಡಿಯಬಹುದು. ಬಿಗಿತ ಮೀನಖಂಡದಲ್ಲಿ ಎಳೆದಂತೆ ಅನಿಸಿದರೆ ಸ್ನಾಯು ಕಾರಣ. ಕೀಲಿನ ಮುಂಭಾಗದಲ್ಲಿ ಅಡ್ಡಿಯಾದಂತೆ ಅನಿಸಿದರೆ ಕೀಲನ್ನೇ ನೋಡಬೇಕು.

ಕೀಲು ಸರಿಸುವ ಕೆಲಸ ಫಿಸಿಯೋಥೆರಪಿಸ್ಟ್ ಅವರದು. ನಿಮ್ಮನ್ನು ಮಲಗಿಸಿ, ಒಂದು ಕೈಯಲ್ಲಿ ಕಣಕಾಲು (ಪಾದದ ಕೀಲಿಗಿಂತ ಮೇಲಿನ ಭಾಗ) ಹಿಡಿದು, ಇನ್ನೊಂದರಿಂದ ಟೇಲಸ್ ಅನ್ನು ಹಿಂದಕ್ಕೆ ಲಯಬದ್ಧವಾಗಿ ಒತ್ತುತ್ತಾರೆ. ಮೇಟ್‌ಲೆಂಡ್ ವಿಧಾನದಲ್ಲಿ ಇದಕ್ಕೆ ನಾಲ್ಕು ಹಂತ. ಮೊದಲೆರಡು ನೋವು ಇಳಿಸಲು, ಕೊನೆಯೆರಡು ಬಿಗಿತ ಬಿಡಿಸಲು. ಮುಲಿಗನ್ ವಿಧಾನದಲ್ಲಿ ನೀವು ನಿಂತಿರುತ್ತೀರಿ. ಅವರು ಟೇಲಸ್ ಹಿಡಿದಿಟ್ಟು ಕಣಕಾಲನ್ನು ಬೆಲ್ಟಿನಿಂದ ಮುಂದಕ್ಕೆ ಎಳೆಯುವಾಗ ನೀವೇ ಮೊಣಕಾಲು ಬಾಗಿಸಬೇಕು. ಇಲ್ಲಿ ನೋವಾಗಕೂಡದು. 'ಲಟಕ್' ಸದ್ದು ಬಂದರೇನೇ ಚಿಕಿತ್ಸೆ ಅಂದುಕೊಂಡವರು ನಿರಾಶರಾಗುತ್ತಾರೆ, ಇರಲಿ.

ಮನೆಯಲ್ಲಿ ಇದಕ್ಕೆ ಹತ್ತಿರದ್ದು ರಬ್ಬರ್ ಬ್ಯಾಂಡ್ ಅಭ್ಯಾಸ. ಗಟ್ಟಿ ಬ್ಯಾಂಡನ್ನು ನಿಮ್ಮ ಹಿಂದೆ ನೆಲದ ಹತ್ತಿರ ಕಟ್ಟಿ. ಅದರ ಕುಣಿಕೆ ಕೀಲಿನ ಎರಡೂ ಬದಿ ಉಬ್ಬಿರುವ ಗಿಣ್ಣುಗಳ ಕೆಳಗೆ, ಮುಂಭಾಗದಲ್ಲಿ ಬರಲಿ. ಗಿಣ್ಣಿನ ಮೇಲೆ ಬಂದರೆ ಕಣಕಾಲನ್ನೇ ಹಿಂದಕ್ಕೆ ಎಳೆಯುತ್ತದೆ, ಉದ್ದೇಶವೇ ಉಲ್ಟಾ. ಪಾದವನ್ನು ತಗ್ಗಾದ ಮೆಟ್ಟಿಲ ಮೇಲಿಟ್ಟು, ಮೊಣಕಾಲನ್ನು ಎರಡನೇ ಬೆರಳಿನ ನೇರಕ್ಕೆ ನಿಧಾನವಾಗಿ ತನ್ನಿ. 10 ಸಲದಂತೆ ಎರಡು ಮೂರು ಸುತ್ತು ಸಾಕು. ಮುಂದೆ ಚಿವುಟಿದಂತಾದರೆ ಬ್ಯಾಂಡ್ ಸರಿಪಡಿಸಿ, ಹೋಗದಿದ್ದರೆ ಬಿಡಿ.

ಆಮೇಲೆ ಮತ್ತೆ ಗೋಡೆ ಅಳತೆ. ತಕ್ಷಣ ಒಂದಿಷ್ಟು ಹೆಚ್ಚಬಹುದು, ಆದರೆ ಅದು ಹಾಗೇ ಉಳಿಯುವುದಿಲ್ಲ. ಹಾಗಾಗಿ ಬಿಡಿಸಿಕೊಂಡ ಕೂಡಲೇ ಆ ಒಂದೇ ಕಾಲಿನ ಮೇಲೆ 30 ಸೆಕೆಂಡು ನಿಲ್ಲಿ, ಗೋಡೆ ಪಕ್ಕದಲ್ಲೇ ಇರಲಿ. ಸಲೀಸಾದ ಮೇಲೆ ಕಣ್ಣು ಮುಚ್ಚಿ, ನಂತರ ಮೆತ್ತನೆ ದಿಂಬಿನ ಮೇಲೆ. ಬರೀ ಕೈಚಿಕಿತ್ಸೆ ಮಾಡಿಸಿಕೊಂಡು ಇದನ್ನು ಬಿಟ್ಟರೆ ಪಾದ ಮತ್ತೆ ಹೊರಳಬಹುದು, ಅಲ್ವಾ?

ಹೊಸದಾಗಿ ಉಳುಕಿ, ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಥವಾ ಗಿಣ್ಣಿನ ಮೂಳೆಯ ಹಿಂದಿನ ಅಂಚನ್ನು ಒತ್ತಿದಾಗ ನೋವಿದ್ದರೆ ಇದ್ಯಾವುದೂ ಬೇಡ. ಮೊದಲು ಎಕ್ಸ್-ರೇ ತೆಗೆಸಿ. ಪಾದ ಜೋಮು ಹಿಡಿಯುತ್ತಿದ್ದರೆ, ಕೀಲು ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಆಟವಾಡುವಾಗ ಪಟ್ಟಿ ಕಟ್ಟಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.