ಕೋಲಾರದ ಕೆರೆ, ಹೊರದೇಶದ ಫೆಲೋಶಿಪ್: ಅರ್ಜಿಯನ್ನು ಬರೆಯುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಗಳಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಅಥವಾ ಅಭಿವೃದ್ಧಿ ಅಧ್ಯಯನದಲ್ಲಿ ಪಿಎಚ್.ಡಿ. ಮಾಡುತ್ತಿರುವವರು ಅಂತರರಾಷ್ಟ್ರೀಯ ಫೆಲೋಶಿಪ್‌ನ ಪ್ರಕಟಣೆ ಕಂಡಾಗ ಒಂದೋ ಇದು ನಮ್ಮಂಥವರಿಗಲ್ಲ ಎಂದು ಕೈಬಿಡುತ್ತಾರೆ, ಇಲ್ಲವೇ ತಮ್ಮ ಜಿಲ್ಲೆಯ ಹೆಸರನ್ನೇ ಮರೆಮಾಚಿ ಇಡೀ ಜಗತ್ತಿನ ಬಡತನದ ಬಗ್ಗೆ ನಾಲ್ಕು ಪುಟ ಬರೆದು ಕಳುಹಿಸುತ್ತಾರೆ. ಎರಡನೆಯದು ನಾನೇ ಮಾಡಿದ ತಪ್ಪು. ಜಾಗತಿಕ ಎಂಬ ಪದವನ್ನು ಹತ್ತಾರು ಬಾರಿ ಬಳಸಿದ್ದ ಆ ಅರ್ಜಿಯಲ್ಲಿ ಒಂದು ಊರಿನ ಹೆಸರೂ ಇರಲಿಲ್ಲ; ಅದು ಮೊದಲ ಸುತ್ತಿನಲ್ಲಿಯೇ ಬಿದ್ದುಹೋಯಿತು.

ಮೊದಲು ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿರಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಪಿಎಚ್.ಡಿ. ಮಾಡುತ್ತಿರುವವರಿಗೂ ಮುಗಿಸಿದವರಿಗೂ ಬೇರೆ ಬೇರೆ ಫೆಲೋಶಿಪ್ ಕೊಡುತ್ತದೆ. ಹೊರದೇಶಕ್ಕೆ ಹೋಗಬಯಸುವವರಲ್ಲಿ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರಿಗೆ ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್ ಅಮೆರಿಕದಲ್ಲಿ ಆರರಿಂದ ಒಂಬತ್ತು ತಿಂಗಳ ಅವಕಾಶ ನೀಡುತ್ತದೆ. ಫಿನ್‌ಲೆಂಡ್‌ನ ಹೆಲ್ಸಿಂಕಿಯಲ್ಲಿರುವ ವಿಶ್ವಸಂಸ್ಥೆ ವಿಶ್ವವಿದ್ಯಾಲಯದ ವೈಡರ್ ಸಂಸ್ಥೆ ಅಭಿವೃದ್ಧಿಶೀಲ ದೇಶಗಳ ಪಿಎಚ್.ಡಿ. ವಿದ್ಯಾರ್ಥಿಗಳನ್ನು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತದೆ. ನಿಯಮಗಳು ವರ್ಷವರ್ಷವೂ ಬದಲಾಗುವುದರಿಂದ ಆ ವರ್ಷದ ಪ್ರಕಟಣೆಯನ್ನೇ ಓದಬೇಕು. ಮುಖ್ಯವಾಗಿ, ವೃತ್ತಿಯ ಆರಂಭದಲ್ಲಿರುವವರು ಎಂಬುದನ್ನು ವಯಸ್ಸಿನಿಂದ ಎಣಿಸುತ್ತಾರೋ ಪದವಿ ಪಡೆದ ದಿನದಿಂದಲೋ, ಪದವಿಯ ದಿನವೆಂದರೆ ವೈವಾ (ಮೌಖಿಕ ಪರೀಕ್ಷೆ) ಮುಗಿದ ದಿನವೋ ಪ್ರಮಾಣಪತ್ರದ ದಿನವೋ ಎಂಬುದನ್ನು ಗಮನಿಸಿ. ನಮ್ಮಲ್ಲಿ ಇವೆರಡರ ನಡುವೆ ತಿಂಗಳುಗಳೇ ಉರುಳುತ್ತವೆ.

ಇನ್ನು ಪ್ರಶ್ನೆಯ ವಿಚಾರ. ನಮ್ಮ ಪ್ರಬಂಧಗಳ ಶೀರ್ಷಿಕೆಗಳು 'ಒಂದು ಅಧ್ಯಯನ' ಎಂದು ಮುಗಿಯುವುದು ವಾಡಿಕೆ. ಕೋಲಾರ ಜಿಲ್ಲೆಯ ಕೃಷಿಯ ಮೇಲೆ ಕೆ.ಸಿ. ವ್ಯಾಲಿ ಯೋಜನೆಯ ಪರಿಣಾಮಗಳು: ಒಂದು ಅಧ್ಯಯನ. ಇದು ವಿಷಯವೇ ಹೊರತು ಪ್ರಶ್ನೆಯಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಈ ಯೋಜನೆಯ ನೀರು 2018ರಲ್ಲಿ ಮೊದಲಿಗೆ ಲಕ್ಷ್ಮೀಸಾಗರ ಕೆರೆಗೆ ಬಂತು. ಅಷ್ಟು ಶುದ್ಧೀಕರಣ ಸಾಕೇ ಎಂಬ ವಿವಾದ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಕಂಡಿತು. ನೀರನ್ನು ನೇರವಾಗಿ ಹೊಲಕ್ಕೆ ಹಾಯಿಸುವುದು ಯೋಜನೆಯ ಉದ್ದೇಶವಲ್ಲ, ಅಂತರ್ಜಲ ಮರುಪೂರಣ ಅದರ ಉದ್ದೇಶ. ಹಾಗಿದ್ದರೆ ಮೇಲೇರಿದ ಅಂತರ್ಜಲ ಯಾರ ಪಾಲಾಯಿತು? ಕೊಳವೆಬಾವಿ ಇದ್ದವನಿಗೆ ಸಿಕ್ಕಿತು. ಅದೇ ಕೆರೆಯ ಅಚ್ಚುಕಟ್ಟಿನಲ್ಲಿದ್ದೂ ಕೊಳವೆಬಾವಿ ಕೊರೆಸಲು ಹಣವಿಲ್ಲದವಳಿಗೆ ಏನು ಸಿಕ್ಕಿತು? ಇದು ಪ್ರಶ್ನೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಆರನೆಯದು, 2030ರೊಳಗೆ ಶುದ್ಧೀಕರಿಸದ ತ್ಯಾಜ್ಯ ನೀರಿನ ಪ್ರಮಾಣವನ್ನು ಅರ್ಧಕ್ಕಿಳಿಸಬೇಕು, ಸುರಕ್ಷಿತ ಮರುಬಳಕೆಯನ್ನು ಹೆಚ್ಚಿಸಬೇಕು ಎನ್ನುತ್ತದೆ. ನಗರದ ನೀರನ್ನು ಹಳ್ಳಿಗೆ ಕೊಡಲು ಹೊರಡುವ ಯಾವ ದೇಶಕ್ಕಾದರೂ ಕೋಲಾರದ ಉತ್ತರ ಬೇಕಾಗುತ್ತದೆ. ಪ್ರಸ್ತಾವನೆಯ ಮೊದಲ ಪ್ಯಾರಾದಲ್ಲಿ ಇಷ್ಟು ಬಂದರೆ ಜಾಗತಿಕ ಎಂಬ ಪದವನ್ನು ಬಳಸುವ ಅಗತ್ಯವೇ ಇರುವುದಿಲ್ಲ.

ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್‌ನಲ್ಲೂ ಇಂಥದೇ ಪ್ರಶ್ನೆಯಿದೆ. ಅಲ್ಲಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಬಾಡಿಗೆ ಜಮೀನಿನ ಒಡೆಯನ ಖಾತೆಗೆ ಬರುತ್ತದೆ, ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಕಥೆ ಬೇರೆ.

ವಿಧಾನದ ಭಾಗದಲ್ಲಿ ಪರಿಶೀಲಕರು ಹುಡುಕುವುದು ಹೋಲಿಕೆಯನ್ನು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆಲ್ಲ ಒಂದೇ ದಿನ ನೀರು ಬರಲಿಲ್ಲ; ಒಂದು ತುಂಬಿ ಕೋಡಿ ಹರಿದ ಮೇಲೆ ಮುಂದಿನದಕ್ಕೆ ಹೋಯಿತು. ಮೊದಲು ನೀರು ಕಂಡ ಕೆರೆಯ ಊರನ್ನು ತಡವಾಗಿ ಕಂಡ ಊರಿನೊಂದಿಗೆ ಹೋಲಿಸಬಹುದು. ಆದರೆ ಇದರ ದೌರ್ಬಲ್ಯವನ್ನು ನೀವೇ ಮೊದಲು ಹೇಳಿಬಿಡಿ: ಯಾವ ಕೆರೆಗೆ ಮೊದಲು ನೀರು ಎಂಬುದು ಚೀಟಿ ಎತ್ತಿ ನಿರ್ಧಾರವಾದದ್ದಲ್ಲ, ಮೇಲಾಗಿ 2021ರ ನವೆಂಬರ್‌ನ ಭಾರಿ ಮಳೆಗೆ ಯೋಜನೆಯ ನೀರು ಕಾಣದ ಕೆರೆಗಳೂ ತುಂಬಿದವು. ಮಳೆಯ ಲೆಕ್ಕವನ್ನು ಹೇಗೆ ಬೇರ್ಪಡಿಸುತ್ತೀರಿ ಎಂದು ಎರಡು ವಾಕ್ಯದಲ್ಲಿ ಬರೆದರೆ, ಊರನ್ನು ಬಲ್ಲವರು ಬರೆದ ಅರ್ಜಿ ಇದು ಎಂದು ಓದುವವರಿಗೆ ತಿಳಿಯುತ್ತದೆ. ದೂರದಲ್ಲಿ ಕುಳಿತವರಿಗೆ ಹೊಳೆಯದ ಈ ಸೂಕ್ಷ್ಮವೇ ನಿಮ್ಮ ಬಂಡವಾಳ.

ಮಾಹಿತಿ ಎಲ್ಲಿಂದ ತರುತ್ತೀರಿ ಎಂಬುದನ್ನೂ ಹೆಸರಿಸಿ ಹೇಳಬೇಕು. ಬೆಳೆಯ ವಿವರಕ್ಕೆ ಪಹಣಿಯಿದೆ, ಆದರೆ ಅದರಲ್ಲಿರುವ ಬೆಳೆಯೂ ಹೊಲದಲ್ಲಿರುವ ಬೆಳೆಯೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಇಲಾಖೆಯ ಕಡತ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನಗಳ ಗಡುವಿದೆ, ಮೇಲ್ಮನವಿಗೆ ಇನ್ನಷ್ಟು ದಿನ ಬೇಕಾಗುತ್ತದೆ. ಆದ್ದರಿಂದ ವೇಳಾಪಟ್ಟಿಯಲ್ಲಿ ಇದಕ್ಕೆ ಮೂರು ತಿಂಗಳಾದರೂ ಇಡಿ.

ಬಜೆಟ್‌ನಲ್ಲಿ ಬಸ್ ಚಾರ್ಜು, ಕ್ಷೇತ್ರ ಸಹಾಯಕರ ದಿನಗೂಲಿ, ಸಂದರ್ಶನಗಳನ್ನು ಬರಹಕ್ಕಿಳಿಸುವ ಖರ್ಚು ಬೇರೆ ಬೇರೆಯಾಗಿ ಕಾಣಲಿ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಅನೇಕರ ಮನೆಮಾತು ತೆಲುಗು. ಸಮ್ಮತಿ ಪತ್ರವನ್ನು ಕನ್ನಡದಲ್ಲಷ್ಟೇ ಓದಿ ಸಹಿ ಪಡೆಯುವುದು ನ್ಯಾಯವಲ್ಲ, ಅನುವಾದದ ವೆಚ್ಚವನ್ನೂ ಸೇರಿಸಿ.

ಇಂಗ್ಲಿಷಿನ ಅಳುಕು ಇರುವವರಿಗೆ ಒಂದು ಮಾತು. ಪ್ರಸ್ತಾವನೆಯನ್ನು ಮೊದಲು ಕನ್ನಡದಲ್ಲಿ, ನಿಮ್ಮ ತಂದೆತಾಯಿಗೆ ಓದಿ ಹೇಳಿದರೆ ಅರ್ಥವಾಗುವಂತೆ, ಒಂದು ಪುಟದಲ್ಲಿ ಬರೆಯಿರಿ. ಅಲ್ಲಿ ಸ್ಪಷ್ಟವಾಗದ್ದು ಇಂಗ್ಲಿಷಿನಲ್ಲಿ ಸ್ಪಷ್ಟವಾಗುವುದಿಲ್ಲ, ಮಸುಕಾಗಿರುವುದು ಕಾಣದಂತಾಗುತ್ತದೆ ಅಷ್ಟೆ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಅಂಕಪಟ್ಟಿಗೆ ಸಾಮಾನ್ಯವಾಗಿ ಎರಡೇ ವರ್ಷದ ಮಾನ್ಯತೆ ಇರುವುದರಿಂದ ತೀರ ಮೊದಲೇ ಬರೆದು ಕೂರಬೇಡಿ.

ಶಿಫಾರಸು ಪತ್ರದ ವಿಷಯದಲ್ಲಿ ಸಂಕೋಚ ಸಲ್ಲದು. ಗೈಡ್ ಮೇಡಂ ಅವರನ್ನೋ ಸರ್ ಅವರನ್ನೋ ಆರು ವಾರ ಮೊದಲೇ ಭೇಟಿಯಾಗಿ, ಪ್ರಸ್ತಾವನೆಯ ಪ್ರತಿ, ನಿಮ್ಮ ಪರಿಚಯ ಪತ್ರ, ಕೊನೆಯ ದಿನಾಂಕ ಇವಿಷ್ಟನ್ನೂ ಕೈಗಿತ್ತು ಬನ್ನಿ. ಪತ್ರವನ್ನು ಅಪ್‌ಲೋಡ್ ಮಾಡುವ ಕೊಂಡಿ ಅವರ ಇಮೇಲ್‌ಗೆ, ಕೆಲವೊಮ್ಮೆ ಸ್ಪ್ಯಾಮ್ ಪೆಟ್ಟಿಗೆಗೆ, ಬರುತ್ತದೆಂದೂ ಹೇಳಿ. ನನ್ನ ಎರಡನೆಯ ಅರ್ಜಿ ಬಿದ್ದದ್ದು ಸ್ಪ್ಯಾಮ್‌ನಲ್ಲಿ ಉಳಿದ ಅಂಥ ಒಂದು ಕೊಂಡಿಯಿಂದ. ಸರ್ಕಾರಿ ಕಾಲೇಜಿನಲ್ಲಿ ಕೆಲಸ ಮಾಡುವವರು ನಿರಾಕ್ಷೇಪಣಾ ಪತ್ರಕ್ಕೆ ಇನ್ನೂ ಮುಂಚೆ ಮನವಿ ಕೊಡಬೇಕು. ಈಗಾಗಲೇ ಜೆಆರ್‌ಎಫ್ ಪಡೆಯುತ್ತಿರುವವರು, ಅದನ್ನೂ ಹೊಸ ಫೆಲೋಶಿಪ್ಪನ್ನೂ ಒಟ್ಟಿಗೆ ಪಡೆಯಲು ಅವಕಾಶವಿದೆಯೇ ಎಂಬುದನ್ನು ತಮ್ಮ ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಕೇಳಿಕೊಳ್ಳಲಿ.

ಕೊನೆಯ ದಿನಾಂಕವನ್ನು ಓದುವಾಗ ಗಡಿಯಾರವನ್ನೂ ನೋಡಿ. ಹೆಲ್ಸಿಂಕಿಯಲ್ಲಿ ರಾತ್ರಿ ಹನ್ನೆರಡಾದಾಗ ನಮ್ಮಲ್ಲಿ, ಅಲ್ಲಿನ ಬೇಸಿಗೆಯಾದರೆ ಎರಡೂವರೆ, ಅಲ್ಲಿನ ಚಳಿಗಾಲವಾದರೆ ಮೂರೂವರೆ. ಆ ಹೊತ್ತಿಗೆ ಹಳ್ಳಿಯಲ್ಲಿ ಕರೆಂಟಾಗಲಿ ನೆಟ್‌ವರ್ಕ್ ಆಗಲಿ ಇರುತ್ತದೆಂಬ ಭರವಸೆಯಿಲ್ಲ. ಹಿಂದಿನ ದಿನ ಹಗಲಿನಲ್ಲಿಯೇ ಸಲ್ಲಿಸಿ, ಸ್ವೀಕೃತಿಯ ಇಮೇಲ್ ಬಂದಿದೆಯೇ ಎಂದು ನೋಡಿಕೊಳ್ಳಿ.