ಸೈಜ್ ನಂಬರ್ ಆಮೇಲೆ, ಮೊದಲು ಕಟ್ ನೋಡಿ

ಕೆಲಸಕ್ಕೆ ಹಾಕಿಕೊಳ್ಳಲು ಒಂದು ಒಳ್ಳೆಯ ಬ್ಲೇಜರ್, ಎರಡು ಪ್ಯಾಂಟ್ ಬೇಕು ಅಂತ ಹೊರಟ ಹೆಂಗಸರು ಮೊದಲು ಕೇಳುವುದು ‘ನನ್ನ ಸೈಜ್ ಇದೆಯಾ?’ ಎಂದು. ತೊಡಕು ಶುರುವಾಗುವುದೇ ಅಲ್ಲಿ. ಒಂದು ಬ್ರ್ಯಾಂಡಿನಲ್ಲಿ 8 ಸರಿಹೋದವರಿಗೆ ಇನ್ನೊಂದರಲ್ಲಿ 6 ಸಾಕು, ಮತ್ತೊಂದರಲ್ಲಿ 10 ಹಾಕಿದರೂ ಬಿಗಿ. ಮೈ ಮಾತ್ರ ಅದೇ, ಅಲ್ವಾ?

ಎಲ್ಲರಿಗೂ ಒಂದೇ ಸೈಜ್ ಪಟ್ಟಿ ತರುವ ಪ್ರಯತ್ನ ಹಿಂದೆ ನಡೆದಿತ್ತು. 1939–40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಹೆಂಗಸರ ಅಳತೆ ತೆಗೆಸಿತು. (ಬಟ್ಟೆಗೂ ಕೃಷಿಗೂ ಏನು ನಂಟು ಅನ್ನಬೇಡಿ, ಮನೆವಾರ್ತೆಯ ವಿಷಯ ನೋಡುವ ವಿಭಾಗ ಆ ಇಲಾಖೆಯಲ್ಲೇ ಇತ್ತು.) ಆಮೇಲೆ 1958ರಲ್ಲಿ ಸೈಜುಗಳ ಮಾನದಂಡವೂ ಬಂತು. ಆದರೆ ನಿಜವಾದ ಹೆಂಗಸರ ಮೈ ಆ ಪಟ್ಟಿಯೊಳಗೆ ಕೂರಲಿಲ್ಲ. 1983ರಲ್ಲಿ ಅದನ್ನು ಕೈಬಿಟ್ಟರು.

ಈಗ ಪ್ರತಿ ಬ್ರ್ಯಾಂಡಿಗೂ ತನ್ನದೇ ಲೆಕ್ಕ. ಒಬ್ಬ ಫಿಟ್ ಮಾಡೆಲ್‌ಳ ಮೈಗೆ ಮೊದಲ ಉಡುಪನ್ನು ಹೊಂದಿಸುತ್ತಾರೆ. ಅದೇ ನಮೂನೆಯನ್ನು ಹಂತ ಹಂತವಾಗಿ ಹಿಗ್ಗಿಸಿ, ಕುಗ್ಗಿಸಿ ಉಳಿದ ಸೈಜುಗಳನ್ನು ಮಾಡುತ್ತಾರೆ. ಆ ಮಾಡೆಲ್‌ಗೆ ಭುಜ ಅಗಲ, ಸೊಂಟ ಸಣ್ಣ ಇದ್ದರೆ ಎಲ್ಲ ಸೈಜಿನ ಬ್ಲೇಜರುಗಳೂ ಅದೇ ಜಾಡು ಹಿಡಿಯುತ್ತವೆ. ಹಾಗಾಗಿ ನಾವು ಹುಡುಕಬೇಕಾದದ್ದು ನಮ್ಮ ಮೈಕಟ್ಟಿಗೆ ಹತ್ತಿರದ ಕಟ್ ಇರುವ ಬ್ರ್ಯಾಂಡನ್ನು. ಅದೊಂದು ಸಿಕ್ಕರೆ ಮುಂದಿನ ಖರೀದಿಗಳು ಸಲೀಸು.

ಮೊದಲು ನಿಮ್ಮ ಬೀರು

ಅಂಗಡಿಗೋ ವೆಬ್‌ಸೈಟಿಗೋ ಹೋಗುವ ಮುಂಚೆ ಬೀರು ತೆಗೆಯಿರಿ. ಕಳೆದ ತಿಂಗಳು ಪದೇ ಪದೇ ಹಾಕಿಕೊಂಡ ಬಟ್ಟೆಗಳು ಯಾವುವು, ಟ್ಯಾಗ್ ಕೂಡ ಕೀಳದೆ ನೇತಾಡುತ್ತಿರುವವು ಯಾವುವು ನೋಡಿ. ದಿನವಿಡೀ ಕೂತು ಮಾಡುವ ಕೆಲಸವೇ, ನಿಂತು ಮಾತಾಡುವ ಕೆಲಸವೇ ಎಂಬುದೂ ಮುಖ್ಯ. ಕೂತೇ ಇರುವವರಿಗೆ ಬಿಗಿ ಪೆನ್ಸಿಲ್ ಸ್ಕರ್ಟ್ ಶಿಕ್ಷೆ.

ಅಮೆರಿಕದ ವಿನ್ಯಾಸಕಿ ಡೊನ್ನಾ ಕರನ್ 1985ರಲ್ಲಿ ‘ಏಳು ಸುಲಭ ಉಡುಪುಗಳು’ ಎಂಬ ಕಲ್ಪನೆ ತಂದರು. ಕೆಲವೇ ಬಟ್ಟೆ, ಒಂದಕ್ಕೊಂದು ಬೆರೆಸಿ ಹಾಕಿಕೊಳ್ಳಬಹುದು. ಏಳೇ ಆಗಬೇಕು ಅಂತೇನಿಲ್ಲ. ಆದರೆ ಹೊಸದಾಗಿ ಕೊಳ್ಳುವ ಬಟ್ಟೆ ಈಗಾಗಲೇ ಇರುವ ಮೂರಕ್ಕಾದರೂ ಹೊಂದದಿದ್ದರೆ ನಾನಂತೂ ಬಿಟ್ಟುಬಿಡಿ ಅನ್ನುತ್ತೇನೆ.

ಟೇಪು ಹಿಡಿಯಿರಿ

ನಾಲ್ಕು ಅಳತೆ ಸಾಕು. ಎದೆಯ ತುಂಬಿದ ಭಾಗ, ಸೊಂಟದ ಸಣ್ಣ ಭಾಗ, ಹಿಪ್‌ನ ಅಗಲವಾದ ಭಾಗ, ತೊಡೆಸಂದಿನಿಂದ ಪಾದದ ಗಂಟಿನವರೆಗಿನ ಉದ್ದ. ಸುತ್ತಳತೆ ತೆಗೆಯುವಾಗ ಟೇಪು ನೆಲಕ್ಕೆ ಸಮಾಂತರವಾಗಿರಲಿ, ಎಳೆದು ಬಿಗಿ ಮಾಡಬೇಡಿ. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ನಷ್ಟ ನಿಮಗೇ.

ಇದಕ್ಕಿಂತ ಉಪಯೋಗದ ಇನ್ನೊಂದು ಕೆಲಸವಿದೆ. ನಿಮಗೆ ಚೆನ್ನಾಗಿ ಕೂರುವ ಒಂದು ಹಳೇ ಪ್ಯಾಂಟನ್ನು ಚಪ್ಪಟೆಯಾಗಿ ಹಾಸಿ ಅಳೆಯಿರಿ. ಸೊಂಟಪಟ್ಟಿ, ತೊಡೆಯ ಅಗಲ, ತೊಡೆಸಂದಿನ ಹೊಲಿಗೆಯಿಂದ ಸೊಂಟಪಟ್ಟಿವರೆಗಿನ ಎತ್ತರ. ಅನೇಕ ಬ್ರ್ಯಾಂಡುಗಳು ಮೈ ಅಳತೆಯ ಪಟ್ಟಿ ಕೊಡುತ್ತವೆ, ಕೆಲವು ಬಟ್ಟೆಯ ಅಳತೆಯನ್ನೂ ಕೊಡುತ್ತವೆ. ಎರಡನ್ನೂ ಒಂದೇ ಅಂದುಕೊಂಡರೆ ಕೆಟ್ಟಿತು. ಓಡಾಡಲು ಜಾಗ ಬೇಕಲ್ಲ, ಬಟ್ಟೆಯ ಅಳತೆ ಸಾಮಾನ್ಯವಾಗಿ ಮೈಗಿಂತ ಜಾಸ್ತಿಯೇ ಇರುತ್ತದೆ.

ಎತ್ತರ ಸುಮಾರು 163 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ‘ಪೆಟೀಟ್’ ವಿಭಾಗ ನೋಡಿ. ಸರಿಯಾಗಿ ಮಾಡಿದ ಪೆಟೀಟ್ ಉಡುಪಿನಲ್ಲಿ ಭುಜ ಕಿರಿದು, ಸೊಂಟದ ಗೆರೆ ಮೇಲೆ, ಪ್ಯಾಂಟಿನ ಮಂಡಿಯ ಜಾಗವೂ ಮೇಲೆ ಇರುತ್ತದೆ. ಮಾಮೂಲಿ ಪ್ಯಾಂಟಿನ ಕಾಲು ಕತ್ತರಿಸಿದರೆ ಇದು ಬರುವುದಿಲ್ಲ.

ಒಳಗಿನ ಚೀಟಿ ಓದಿ

ಹೆಚ್ಚಿನವರು ಬಣ್ಣ ನೋಡಿ ಬೆಲೆ ನೋಡಿ ಮುಗಿಸುತ್ತಾರೆ. ಬಟ್ಟೆ ಎಷ್ಟು ದಿನ ಬಾಳುತ್ತದೆ ಅನ್ನುವ ಸುಳಿವು ಒಳಗಿನ ಚೀಟಿಯಲ್ಲಿದೆ.

ಉಣ್ಣೆ ಅಂದ ಕೂಡಲೇ ಸ್ವೆಟರ್ ನೆನಪಾಗುತ್ತದೆ. ಆದರೆ ತೆಳುವಾಗಿ ನೇಯ್ದ ಉಣ್ಣೆ ಸೂಟಿಗೆ ಬಲು ಒಳ್ಳೆಯದು. ಗಾಳಿಯಾಡುತ್ತದೆ, ರಾತ್ರಿ ಹ್ಯಾಂಗರಿಗೆ ತೂಗು ಹಾಕಿದರೆ ಸುಕ್ಕು ತಾನಾಗಿ ಇಳಿಯುತ್ತದೆ. ‘ಸೂಪರ್ 100’, ‘ಸೂಪರ್ 150’ ಎಂದು ಬರೆದಿರುವುದು ಉಣ್ಣೆಯ ಎಳೆ ಎಷ್ಟು ನಯ ಅನ್ನುವ ಲೆಕ್ಕ. ನಂಬರ್ ಜಾಸ್ತಿಯಾದಷ್ಟೂ ಬಟ್ಟೆ ನಾಜೂಕು. ದಿನಾ ಹಾಕುವುದಕ್ಕೆ ದೊಡ್ಡ ನಂಬರಿನ ಹಿಂದೆ ಬೀಳಬೇಡಿ.

ಪಾಲಿಯೆಸ್ಟರ್ ಸುಕ್ಕಾಗದು, ಬೇಗ ಒಣಗುತ್ತದೆ. ಆದರೆ ಬೆವರು ಹೀರುವುದಿಲ್ಲ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಚೆಂದ ಇಳಿಬೀಳುತ್ತದೆ, ಆದರೆ ಸುಕ್ಕಾಗುತ್ತದೆ. ಇವೆರಡರ ಜೊತೆ ಒಂದಿಷ್ಟು ಎಲಾಸ್ಟೇನ್ ಸೇರಿಸಿದ ಪ್ಯಾಂಟುಗಳೇ ಈಗ ಎಲ್ಲೆಲ್ಲೂ. ಹಿಗ್ಗುವ ಈ ನೂಲನ್ನು 1958ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಕಂಡುಹಿಡಿದರು. 1997ರಲ್ಲಿ ಶುರುವಾದ ಅಮೆರಿಕದ ‘ಥಿಯರಿ’ಯಂಥ ಬ್ರ್ಯಾಂಡ್ ಹೆಸರು ಮಾಡಿದ್ದೇ ಸ್ಟ್ರೆಚ್ ಪ್ಯಾಂಟುಗಳಿಂದ. ನೂರಕ್ಕೆ 2ರಿಂದ 4 ಪಾಲು ಎಲಾಸ್ಟೇನ್ ಇದ್ದರೆ ಕೂತೇಳಲು ಹಾಯ್ ಅನಿಸುತ್ತದೆ. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ಆಫೀಸಿನ ಪ್ಯಾಂಟು ಲೆಗ್ಗಿಂಗ್ಸ್ ಥರ ಕಾಣುತ್ತದೆ. ಬಿಸಿ ಮತ್ತು ಕ್ಲೋರಿನ್ ಬ್ಲೀಚ್ ಈ ನೂಲಿಗೆ ಶತ್ರು, ಹಾಗಾಗಿ ಡ್ರೈಯರಿನಿಂದ ದೂರವಿಡಿ.

ಅಂಗಡಿಯಲ್ಲೇ ಇದ್ದರೆ ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಬಿಡಿಸಿ. ಉಳಿದ ಸುಕ್ಕು ಮಧ್ಯಾಹ್ನದ ಹೊತ್ತಿಗೆ ನಿಮ್ಮ ತೊಡೆಯ ಮೇಲೆ ಇರುವ ಸುಕ್ಕು. ಬಿಳಿ ಶರ್ಟಾದರೆ ಒಳಗೆ ಕೈಯಿಟ್ಟು ನೋಡಿ. ಬೆರಳುಗಳು ಎಣಿಸುವಷ್ಟು ಕಂಡರೆ ಒಳಗೆ ಇನ್ನೊಂದು ಹಾಕಿಕೊಳ್ಳಲೇಬೇಕು.

ಬ್ಲೇಜರಿನ ಅಸ್ತರನ್ನೂ ನೋಡಿ. ಮೇಲೆ ಉಣ್ಣೆ, ಒಳಗೆ ಪಾಲಿಯೆಸ್ಟರ್ ಅಸ್ತರು ಅಂದರೆ ಅರ್ಧ ಉಪಯೋಗ ಹೋಯಿತು. ವಿಸ್ಕೋಸ್ ಅಥವಾ ಕುಪ್ರೊ (ಹತ್ತಿಬೀಜದ ನಾರಿನಿಂದ ಮಾಡುವ ನಯವಾದ ಬಟ್ಟೆ) ಅಸ್ತರಿದ್ದರೆ ಸೆಕೆ ಕಡಿಮೆ. ಚೀಟಿಯಲ್ಲಿರುವ ಇಸ್ತ್ರಿಪೆಟ್ಟಿಗೆಯ ಚಿತ್ರದೊಳಗೆ ಒಂದು ಚುಕ್ಕೆ ಇದ್ದರೆ ಕಡಿಮೆ ಬಿಸಿ, ಎರಡಿದ್ದರೆ ಮಧ್ಯಮ, ಮೂರಿದ್ದರೆ ಹೆಚ್ಚು ಬಿಸಿ ತಾಳುತ್ತದೆ ಎಂದರ್ಥ. ಬ್ಲೇಜರನ್ನು ಡ್ರೈಕ್ಲೀನಿಗೆ ಕೊಡುವುದು ಸರಿ, ಆದರೆ ವಾರಕ್ಕೆರಡು ಸಲ ಹಾಕುವ ಬ್ಲೌಸಿಗೂ ಡ್ರೈಕ್ಲೀನೇ ಆಗಬೇಕು ಅಂದರೆ ಅದು ನನ್ನ ಮಟ್ಟಿಗೆ ದುಬಾರಿ ಬಟ್ಟೆ, ಎಷ್ಟೇ ರಿಯಾಯಿತಿ ಕೊಟ್ಟರೂ.

ಮೊದಲ ಆರ್ಡರಿಗೆ ಒಂದೇ ಪ್ಯಾಂಟ್

ಹೊಸ ಬ್ರ್ಯಾಂಡಿನಿಂದ ಒಟ್ಟಿಗೇ ಐದು ಬಟ್ಟೆ ತರಿಸಬೇಡಿ. ಆ ಬ್ರ್ಯಾಂಡಿನ ಕಟ್ ಸೊಂಟದ ಕೆಳಗೆ ನಿಮಗೆ ಒಗ್ಗುತ್ತದೋ ಇಲ್ಲವೋ ಎಂದು ಒಂದು ಪ್ಯಾಂಟ್ ಹೇಳಿಬಿಡುತ್ತದೆ. ಎರಡು ಸೈಜ್‌ಗಳ ನಡುವೆ ಗೊಂದಲವಿದ್ದರೆ ಎರಡನ್ನೂ ತರಿಸಿ ಒಂದನ್ನು ವಾಪಸ್ ಕಳಿಸಿ. ಅದಕ್ಕೆ ಮುಂಚೆ ವಾಪಸಾತಿಯ ನಿಯಮ ಓದಿ. ಕೊನೇ ರಿಯಾಯಿತಿಯ ಬಟ್ಟೆಗಳನ್ನು ಬಹಳ ಕಡೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ಯಾಂಟು ಜಾಕೆಟ್ಟು ಎರಡೂ ಸೇರಿ ಸೂಟೇ ಬೇಕು ಅನ್ನುವವರಿಗೆ ಮಾತ್ರ ಬೇರೆ ಮಾತು. ಎರಡನ್ನೂ ಒಟ್ಟಿಗೇ ಕೊಳ್ಳಿ. ಬೇರೆ ಬೇರೆ ಸಲ ಬಣ್ಣ ಹಾಕಿದ ಬಟ್ಟೆಯಾದರೆ ಕಪ್ಪಿನಲ್ಲೂ ಎರಡು ಬಗೆಯ ಕಪ್ಪು ಬರುತ್ತದೆ.

ಹಾಕಿ ನೋಡುವಾಗ

ಕೆಲಸಕ್ಕೆ ಹೋಗುವಾಗ ಹಾಕುವ ಒಳಉಡುಪು, ಅದೇ ಚಪ್ಪಲಿ ಅಥವಾ ಶೂ ಹಾಕಿಕೊಂಡು, ಹಗಲು ಬೆಳಕಿನಲ್ಲಿ ನೋಡಿ. ಕನ್ನಡಿ ಮುಂದೆ ಸುಮ್ನೆ ನಿಂತರೆ ಎಲ್ಲವೂ ಚೆಂದ. ಕುರ್ಚಿಯಲ್ಲಿ ಕೂತು, ಬಗ್ಗಿ, ಕೈ ಮೇಲೆತ್ತಿ.

ಪ್ಯಾಂಟಿನ ಮುಂಭಾಗದಲ್ಲಿ ಅಡ್ಡ ಗೆರೆಗಳು ಮೂಡಿದರೆ, ಜೇಬು ಬಾಯಿ ತೆರೆದರೆ ಹಿಪ್‌ನಲ್ಲಿ ಬಿಗಿ. ಶರ್ಟಿನ ಗುಂಡಿಗಳ ನಡುವೆ ಸಂದು ಬಿಟ್ಟರೆ ಎದೆಗೆ ಸರಿಹೋಗುವ ದೊಡ್ಡ ಸೈಜ್ ತೆಗೆದುಕೊಂಡು ಟೈಲರ್ ಹತ್ತಿರ ಸೊಂಟ ಹಿಡಿಸಿ. ಬ್ಲೇಜರಿನ ಗುಂಡಿ ಹಾಕಿದಾಗ ಅಲ್ಲಿಂದ ಎಕ್ಸ್ ಆಕಾರದ ಸುಕ್ಕು ಎಳೆದರೆ ಬಿಗಿಯಾಯಿತು ಎಂದರ್ಥ. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿ ಬರಬೇಕು. ಬೇಕೆಂದೇ ಸಡಿಲವಾಗಿ ಹೊಲಿದ ಓವರ್‌ಸೈಜ್ ಬ್ಲೇಜರಿಗೆ ಈ ಮಾತು ಅನ್ವಯಿಸದು.

ಭುಜವನ್ನೇ ಯಾಕೆ ಇಷ್ಟು ಹೇಳುತ್ತೇನೆಂದರೆ, ಟೈಲರ್ ಸರಿಮಾಡಲು ತೀರಾ ಕಷ್ಟಪಡುವ ಜಾಗ ಅದು. ಕಂಕುಳ ಸುತ್ತು ಕೂಡ ಹಾಗೇ. ಪ್ಯಾಂಟಿನ ಉದ್ದ, ಸೊಂಟ ಹಿಡಿಸುವುದು, ತೋಳು ಗಿಡ್ಡ ಮಾಡುವುದು ಸುಲಭ. ತೋಳಿನ ತುದಿಯಲ್ಲಿ ನಿಜವಾಗಿ ಬಿಚ್ಚಿ ಹಾಕುವ ಗುಂಡಿ, ಕಾಜಾ ಇದ್ದರೆ ಅದೂ ಕಷ್ಟ. ಸೊಂಟ ಬಿಡಿಸಬೇಕಾದರೆ ಒಳಗೆ ಹೊಲಿಗೆಯಂಚಿನಲ್ಲಿ ಬಟ್ಟೆ ಉಳಿಸಿದ್ದಾರಾ ಅಂತ ತಿರುವಿ ನೋಡಿ.

ಜಾಕೆಟ್ಟಿನ ಹಿಂದಿನ ಸೀಳಿನಲ್ಲಿ ದಪ್ಪ ದಾರದ ಅಡ್ಡ ಹೊಲಿಗೆ, ತೋಳಿನ ಹೊರಗೆ ಬ್ರ್ಯಾಂಡಿನ ಚೀಟಿ, ಮುಚ್ಚಿ ಹೊಲಿದ ಜೇಬು ಇರಬಹುದು. ಸಾಗಣೆಯಲ್ಲಿ ಆಕಾರ ಕೆಡದಿರಲಿ ಎಂದು ಸೀಳಿಗೂ ಜೇಬಿಗೂ ಆ ದಾರ ಹಾಕಿರುತ್ತಾರೆ. ವಾಪಸ್ ಕಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕತ್ತರಿಸಿ, ಮೊದಲೇ ಬೇಡ. ಕತ್ತರಿಸದೆಯೇ ಮೀಟಿಂಗಿಗೆ ಹೋಗುವವರೂ ಇದ್ದಾರೆ!

ಹೊಂದಿದ ಪ್ಯಾಂಟಿನ ಹೆಸರು, ಕಟ್, ಸೈಜ್, ಬಟ್ಟೆಯ ಮಿಶ್ರಣ, ಟೈಲರ್ ಎಷ್ಟು ಹಿಡಿಸಿದರು ಎಂಬುದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಕಟ್ ಬೇರೆ ಬಣ್ಣದಲ್ಲಿ ಬಂದಾಗ ಬಟ್ಟೆಯ ಮಿಶ್ರಣ ಬದಲಾಗಿದೆಯಾ ಎಂದಷ್ಟೇ ನೋಡಿ ತರಿಸಬಹುದು. ಬದಲಾಗಿದ್ದರೆ, ಅದರಲ್ಲೂ ಎಲಾಸ್ಟೇನ್ ಹೋಗಿದ್ದರೆ, ಮತ್ತೆ ಎರಡು ಸೈಜ್ ತರಿಸಿ ನೋಡುವುದೇ ಸರಿ.