ಬೆಟ್ಟವನ್ನು ಎದುರಿಗಿಟ್ಟುಕೊಂಡು ನಡೆಯುವುದು ಹೇಗೆ? ವಸಂತದ ಹಳ್ಳಿದಾರಿಗೊಂದು ಕೈಪಿಡಿ

ಬೆಟ್ಟ ಹತ್ತುವವರಿಗೆ ತುದಿ ಮುಟ್ಟುವುದೇ ಗುರಿ. ಹಳ್ಳಿದಾರಿ ಹಿಡಿದವರಿಗೆ ಬೆಟ್ಟ ದೂರದಲ್ಲೇ ಉಳಿದು, ಬೇಲಿಯ ಸಂದಿಯಲ್ಲಿ ಒಮ್ಮೆ, ದಿಬ್ಬದ ನೆತ್ತಿಯಲ್ಲಿ ಇನ್ನೊಮ್ಮೆ ಮುಖ ತೋರಿಸಿ ಮರೆಯಾಗುತ್ತದೆ. ಆದ್ದರಿಂದ ಇಂಥ ನಡಿಗೆಯನ್ನು ಯೋಜಿಸುವಾಗ ಎಷ್ಟು ದೂರ ನಡೆಯಬೇಕೆಂಬುದಕ್ಕಿಂತ, ಯಾವ ಹೊತ್ತಿಗೆ ಯಾವ ದಿಕ್ಕಿಗೆ ಮುಖ ಮಾಡಿರಬೇಕೆಂಬುದನ್ನೇ ಮೊದಲು ತೀರ್ಮಾನಿಸಬೇಕು.

ಹೊರಟಲ್ಲಿಗೇ ಮರಳಿ ಬರುವ ಸುತ್ತುದಾರಿಯನ್ನು ಆರಿಸಿಕೊಂಡರೆ, ಅದನ್ನು ಎಡದಿಂದ ಸುತ್ತುವುದೋ ಬಲದಿಂದ ಸುತ್ತುವುದೋ ಎಂಬ ಒಂದೇ ನಿರ್ಧಾರ ಇಡೀ ದಿನದ ನೋಟವನ್ನು ಬದಲಿಸುತ್ತದೆ. ನಾನೊಮ್ಮೆ ಇದನ್ನು ಲೆಕ್ಕಿಸದೆ ಹೊರಟು, ಬೆಳಿಗ್ಗೆ ಬೆಟ್ಟದ ಕಡೆಗೆ ನಡೆಯುವಾಗ ಬಿಸಿಲು ನೇರ ಕಣ್ಣಿಗೆ ಬಡಿದು, ಸಂಜೆ ಬೆಳಕು ಹದವಾಗುವ ಹೊತ್ತಿಗೆ ಬೆಟ್ಟ ಬೆನ್ನ ಹಿಂದೆ ಬಿದ್ದು, ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತ ಕುತ್ತಿಗೆ ನೋಯಿಸಿಕೊಂಡಿದ್ದೇನೆ. ಲೆಕ್ಕ ಕಷ್ಟದ್ದೇನಲ್ಲ. ಬೆಟ್ಟಸಾಲು ಪೂರ್ವಕ್ಕಿದ್ದರೆ ಅದನ್ನು ಮಧ್ಯಾಹ್ನದ ನಂತರ ನೋಡಬೇಕು, ಪಶ್ಚಿಮಕ್ಕಿದ್ದರೆ ಬೆಳಿಗ್ಗೆ. ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾಗುವ ವಸಂತ ವಿಷುವದ ಆಸುಪಾಸಿನಲ್ಲಿ, ಎಂದರೆ ಉತ್ತರಾರ್ಧಗೋಳದಲ್ಲಿ ಮಾರ್ಚ್ 20ರ ಸುಮಾರಿಗೆ ಮತ್ತು ದಕ್ಷಿಣಾರ್ಧಗೋಳದಲ್ಲಿ ಸೆಪ್ಟೆಂಬರ್ 22–23ರ ಸುಮಾರಿಗೆ, ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುವುದರಿಂದ, ವಸಂತದ ಮೊದಲ ವಾರಗಳಲ್ಲಿ ನಕ್ಷೆಯ ಮೇಲೆಯೇ ಬೆಳಕಿನ ದಿಕ್ಕನ್ನು ಗುರುತು ಹಾಕಿಕೊಳ್ಳಬಹುದು. ಸೂರ್ಯ ಸರಿಯಾಗಿ ಬೆನ್ನ ಹಿಂದೆಯೇ ಇದ್ದರೆ ಬೆಟ್ಟ ಗೋಡೆಗೆ ಅಂಟಿಸಿದ ಚಿತ್ರದಂತೆ ಚಪ್ಪಟೆಯಾಗಿ ಕಾಣುತ್ತದೆ. ಅವನು ಒಂದು ಹೆಗಲಿನ ಕಡೆಗೆ ಸರಿದಿದ್ದರೆ ಕೊರಕಲುಗಳಲ್ಲಿ ನೆರಳು ತುಂಬಿ, ಏಣುಗಳು ಎದ್ದು ಕಂಡು, ಬೆಟ್ಟಕ್ಕೆ ಮೈ ಬರುತ್ತದೆ. ನಡುಮಧ್ಯಾಹ್ನದ ಬೆಳಕಿನಲ್ಲಿ ಇದಾವುದೂ ಸಿಗುವುದಿಲ್ಲವಾದ್ದರಿಂದ ಆ ಹೊತ್ತನ್ನು ಊಟಕ್ಕೂ ಮರದ ನೆರಳಿಗೂ ಬಿಟ್ಟುಕೊಡುವುದು ಲೇಸು.

ಇನ್ನು ನಕ್ಷೆ. 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಅಂಕುಡೊಂಕಾದ ದಾರಿಯ ಉದ್ದವನ್ನು ಸ್ಕೇಲಿನಿಂದ ಅಳೆಯುವ ಬದಲು, ಒಂದು ದಾರವನ್ನು ತಿರುವುಗಳ ಮೇಲೆ ಕೂರಿಸುತ್ತ ಹೋಗಿ ಆಮೇಲೆ ಅದನ್ನು ಬಿಡಿಸಿ ಅಳೆದರೆ ನಿಜಕ್ಕೆ ಹತ್ತಿರವಾದ ದೂರ ಸಿಗುತ್ತದೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುವಲ್ಲಿ ಕಡಿದಾದ ಏರು, ಅಗಲವಾಗಿ ಹರಡಿರುವಲ್ಲಿ ಹಗುರವಾದ ಇಳಿಜಾರು ಎಂಬುದು ಬಹುಮಂದಿಗೆ ಗೊತ್ತು. ನೋಟ ಹುಡುಕುವವರು ಗಮನಿಸಬೇಕಾದದ್ದು ದಾರಿಯು ಏಣನ್ನು ಅಡ್ಡ ದಾಟುವ ಜಾಗವನ್ನು, ಏಕೆಂದರೆ ಬೇಲಿ ಮತ್ತು ಮರಗಳು ಎಷ್ಟೇ ದಟ್ಟವಾಗಿದ್ದರೂ ಅಲ್ಲಿ ಒಂದು ಕಡೆಯಾದರೂ ನೆಲ ಕೆಳಗಿಳಿದು ದೃಷ್ಟಿ ಬಿಚ್ಚಿಕೊಳ್ಳುವ ಸಂಭವ ಹೆಚ್ಚು. ಸಮತಟ್ಟಾದ ಬಯಲಿನಲ್ಲಿ ನಿಂತವನಿಗೆ ದಿಗಂತ ಸುಮಾರು 5 ಕಿಲೋಮೀಟರ್ ದೂರದಲ್ಲಿರುತ್ತದೆ. ಅದೇ ಬಯಲಿನಿಂದ 100 ಮೀಟರ್ ಮೇಲೇರಿದರೆ ಅದು ಸುಮಾರು 36 ಕಿಲೋಮೀಟರಿಗೆ ಸರಿಯುತ್ತದೆ. ಸಣ್ಣ ದಿಬ್ಬವೆಂದು ಬಳಸಿಕೊಂಡು ಹೋಗುವವರು ಕಳೆದುಕೊಳ್ಳುವುದು ಇಷ್ಟನ್ನು.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿಯಲ್ಲಿ ಒಟ್ಟು 300 ಮೀಟರ್ ಏರಿದ್ದರೆ ಸುಮಾರು ಮೂರು ಗಂಟೆ. ಆದರೆ ಇದು ನಿಲ್ಲದೆ ನಡೆಯುವವರ ಲೆಕ್ಕ. ಹೂ ಕಂಡಲ್ಲಿ, ಹಕ್ಕಿ ಕೂಗಿದಲ್ಲಿ ನಿಲ್ಲುವವರು ಇದಕ್ಕೆ ಅರ್ಧದಷ್ಟನ್ನು ಸೇರಿಸಿಕೊಂಡು ನಾಲ್ಕೂವರೆ ಗಂಟೆ ಎಂದಿಟ್ಟುಕೊಳ್ಳುವುದೇ ಸರಿ.

ವಸಂತದಲ್ಲಿಯೂ ಎಲ್ಲ ವಾರಗಳೂ ಒಂದೇ ಅಲ್ಲ. ಎಲೆ ಉದುರಿಸುವ ಮರಗಳಿರುವ ದಾರಿಯಲ್ಲಿ ಚಿಗುರು ಇನ್ನೂ ಮೊಗ್ಗಾಗಿರುವಾಗ ಕೊಂಬೆಗಳ ಜಾಲದ ಆಚೆಗೆ ಬೆಟ್ಟ ಕಾಣುತ್ತದೆ. ಎಲೆ ಪೂರ್ತಿ ಬಿಚ್ಚಿಕೊಂಡ ಮೇಲೆ ಅದೇ ದಾರಿ ಹಸಿರು ಸುರಂಗವಾಗಿ, ನೋಟ ಗೇಟುಗಳ ಬಳಿಗೆ ಮಾತ್ರ ಸೀಮಿತವಾಗುತ್ತದೆ. ಹಾಗಾಗಿ ನೋಟವೇ ಮುಖ್ಯವೆನ್ನುವವರು ಬೇಗ ಹೊರಡಬೇಕು, ಹೂವೇ ಮುಖ್ಯವೆನ್ನುವವರು ಸ್ವಲ್ಪ ಕಾಯಬೇಕು. ದಿನವನ್ನು ಆರಿಸುವಾಗ, ಮಳೆ ಬಿದ್ದು ಬಿಟ್ಟ ಮರುದಿನಕ್ಕಿಂತ ಒಳ್ಳೆಯ ದಿನವಿಲ್ಲ, ಏಕೆಂದರೆ ಗಾಳಿಯಲ್ಲಿದ್ದ ದೂಳು ಮತ್ತು ಮಬ್ಬು ತೊಳೆದುಹೋಗಿರುತ್ತದೆ. ಕೆಸರಾಗಿರುತ್ತದೆ, ನಿಜ; ಅದನ್ನು ಸಹಿಸಿಕೊಳ್ಳಬೇಕು.

ಬಟ್ಟೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ: ತೆಳುವಾದ ಎರಡು ಮೂರು ಪದರಗಳು, ಗಾಳಿ ತಡೆಯುವ ಒಂದು ಮೇಲಂಗಿ, ಒಂದು ಟೋಪಿ. ಪಾದರಕ್ಷೆ ಮಾತ್ರ ಹಳೆಯದಾಗಿರಲಿ. ಹಿಮ್ಮಡಿಯಲ್ಲಿ ಬಿಸಿಯಾದ ಒಂದು ಚುಕ್ಕೆಯಂಥ ಉರಿ ತೋರಿದ ಕೂಡಲೇ, ಇನ್ನು ಅರ್ಧ ಮೈಲಿ ನೋಡೋಣವೆಂದು ತಳ್ಳದೆ, ದಾರಿಯ ಬದಿಯಲ್ಲಿ ಕುಳಿತು, ಕಾಲುಚೀಲ ತೆಗೆದು, ಕಾಲನ್ನು ಒಣಗಿಸಿ, ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಹಚ್ಚಬೇಕು. ಗುಳ್ಳೆ ಎದ್ದ ಮೇಲೆ ಬೆಟ್ಟದ ಕಡೆ ಯಾರೂ ನೋಡುವುದಿಲ್ಲ. ಹದವಾದ ಹವೆಯಲ್ಲಿ ಗಂಟೆಗೆ ಅರ್ಧ ಲೀಟರಿನಂತೆ ನೀರಿರಲಿ. ಫೋನಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನೀವಿರುವ ಜಾಗವನ್ನು ತೋರಿಸುತ್ತದೆ.

ಹಳ್ಳಿದಾರಿಯ ನಿಜವಾದ ಅಪಾಯ ವಾಹನ. ಕಾಲುಹಾದಿಯಿಲ್ಲದ ಕಡೆ ಎದುರಿನಿಂದ ಬರುವ ವಾಹನಗಳಿಗೆ ಮುಖ ಮಾಡಿ, ಒಬ್ಬರ ಹಿಂದೊಬ್ಬರಾಗಿ ನಡೆಯುವುದು ಸಾಮಾನ್ಯ ನಿಯಮ. ಆದರೆ ನೀವು ನಡೆಯುತ್ತಿರುವ ಬದಿಗೇ ದಾರಿ ಹಠಾತ್ತನೆ ತಿರುಗಿ ಮುಂದಿನದು ಕಾಣದಂತಿದ್ದರೆ, ತಿರುವಿಗೆ ಸಾಕಷ್ಟು ಮೊದಲೇ ಹೊರಬದಿಗೆ ದಾಟಿ, ತಿರುವು ಕಳೆದ ಮೇಲೆ ಮರಳಿ ಬರಬೇಕು. ಹೊರಬದಿಯಲ್ಲಿರುವವರನ್ನು ಚಾಲಕ ಬೇಗ ಕಾಣುತ್ತಾನೆ. ಕಿವಿಗೆ ಇಯರ್‌ಫೋನ್ ಬೇಡ. ಬೇಲಿಗಳ ನಡುವೆ ಟ್ರ್ಯಾಕ್ಟರಿನ ಸದ್ದು ಅದು ಕಾಣುವ ಮೊದಲೇ ಕೇಳಿಸುತ್ತದೆ.

ಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು. ವಸಂತದಲ್ಲಿ ಎಳೆಗರುಗಳಿರುವ ಹಸುಗಳ ಹಿಂಡು ಕಂಡರೆ ತಾಯಿಗೂ ಕರುವಿಗೂ ನಡುವೆ ಹೋಗದೆ ದೂರದಿಂದ ಬಳಸಿಕೊಂಡು ಹೋಗುವುದು ಕ್ಷೇಮ. ಎತ್ತರದ ಹುಲ್ಲಿನಲ್ಲಿ ಹಾದುಬಂದಿದ್ದರೆ ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ಸೊಂಟ, ಕಂಕುಳನ್ನು ನೋಡಿಕೊಳ್ಳಬೇಕು. ಉಣುಗು ಕಚ್ಚಿಕೊಂಡಿದ್ದರೆ ಸುಡುವುದಾಗಲಿ ಎಣ್ಣೆ ಹಚ್ಚುವುದಾಗಲಿ ಮಾಡದೆ, ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನವಾಗಿ ನೇರಕ್ಕೆ ಎಳೆದು ತೆಗೆಯಬೇಕು.

ಕೊನೆಗೆ, ನೋಡುವುದಕ್ಕೂ ಸಮಯ ಬೇಕು. ಏಣಿನ ಮೇಲಿನ ಒಂದು ಗೇಟನ್ನು ಆರಿಸಿಕೊಂಡು ಹತ್ತು ನಿಮಿಷ ಅಲ್ಲೇ ನಿಲ್ಲಬೇಕು. ಮೊದಲು ಒಂದೇ ಸಾಲಿನಂತೆ ಕಂಡ ಬೆಟ್ಟ ಸ್ವಲ್ಪ ಹೊತ್ತಿಗೆ ಮೂರೋ ನಾಲ್ಕೋ ಸಾಲಾಗಿ ಬಿಡಿಸಿಕೊಳ್ಳುತ್ತದೆ. ಹತ್ತಿರದ್ದು ಹಸಿರು, ಅದರಾಚೆಯದು ಬೂದು, ಕಟ್ಟಕಡೆಯದು ನೀಲಿ, ಏಕೆಂದರೆ ನಡುವಿನ ಗಾಳಿ ನೀಲಿ ಬೆಳಕನ್ನೇ ಹೆಚ್ಚು ಚದುರಿಸಿ ದೂರದ ಸಾಲಿನ ಮೇಲೆ ತೆಳುವಾದ ತೆರೆಯೆಳೆಯುತ್ತದೆ. ಬೆಟ್ಟ ಪೂರ್ವಕ್ಕಿದ್ದು ನಿಮ್ಮ ಹಿಂದೆ ಸೂರ್ಯ ಇಳಿಯುತ್ತಿದ್ದರೆ, ನೆರಳು ಮೊದಲು ಬೆಟ್ಟದ ಬುಡವನ್ನು ಹಿಡಿದು, ಬೇಲಿಗಳನ್ನು ಒಂದೊಂದಾಗಿ ದಾಟಿ, ಮೇಲಕ್ಕೆ ಏರುತ್ತದೆ. ಅದು ತುದಿ ಮುಟ್ಟುವ ಮೊದಲೇ ಗೇಟಿನಿಂದ ಹೊರಟರೆ, ಉಳಿದ ದಾರಿಯನ್ನು ಬೆಳಕಿನಲ್ಲೇ ನಡೆದು ಮುಗಿಸಬಹುದು.